ಸಲಮಾಂಕದ ಪಾದ್ರಿಗಳೂ ಕೋಡಿಂಬಾಳದ ಅಡಿಕೆಯೂ

ಒಂದು ಕಿಲೋ ಅಡಿಕೆಗೆ ನ್ಯಾಯವಾದ ಬೆಲೆ ಎಷ್ಟು?

ನಮ್ಮ ಕೋಡಿಂಬಾಳದಲ್ಲಿ ಯಾರ ಅಂಗಳಕ್ಕೆ ಹೋಗಿ ಕೇಳಿದರೂ ಇದಕ್ಕೆ ಉತ್ತರ ರೆಡಿ ಇರುತ್ತೆ. ಬೆಳೆಗಾರರು ಬೆರಳು ಮಡಚಿ ಲೆಕ್ಕ ಕೊಡ್ತಾರೆ. ಗೊಬ್ಬರಕ್ಕೆ ಇಷ್ಟು, ಮೈಲುತುತ್ತು ಸುಣ್ಣಕ್ಕೆ ಇಷ್ಟು, ಮದ್ದು ಬಿಡುವವರ ಸಂಬಳ ಇಷ್ಟು, ಕೊಯ್ಯಲಿಕ್ಕೆ, ಒಣಗಿಸಲಿಕ್ಕೆ, ಸುಲಿಯಲಿಕ್ಕೆ ಇಷ್ಟು. ಅದರ ಮೇಲೆ ಮನೆ ನಡೆಸಲಿಕ್ಕೆ ಇಷ್ಟು ಉಳಿಯಬೇಕು, ಅದೇ ನ್ಯಾಯದ ಬೆಲೆ ಅಂತಾರೆ. ಪೇಟೆಯ ವ್ಯಾಪಾರಿಯನ್ನು ಕೇಳಿ. ಉತ್ತರ ಭಾರತದಲ್ಲಿ ಇವತ್ತು ಕೇಳುವವರೇ ಇಲ್ಲ, ನಾನು ಕೊಡುವುದೇ ನ್ಯಾಯದ ಬೆಲೆ ಅಂತಾರೆ. ನಮ್ಮ ಸ್ಟುಡಿಯೋಗೆ ಚರ್ಚೆಗೆ ಬಂದು ಕೂರುವ ರಾಜಕಾರಣಿಯನ್ನು ಕೇಳಿ. ಸರ್ಕಾರ ನಿಗದಿ ಮಾಡಿದರೆ ಅದೇ ನ್ಯಾಯದ ಬೆಲೆ ಅಂತಾರೆ.

ಮೂರು ಜನ, ಮೂರು ನ್ಯಾಯ. ಇದರಲ್ಲಿ ಯಾವುದು ಸರಿ ಅನ್ನೋ ಜಗಳ ಹೊಸದೇನಲ್ಲ. ಸುಮಾರು ಐನೂರು ವರ್ಷದ ಹಿಂದೆ ಸ್ಪೇನ್ ದೇಶದ ಸಲಮಾಂಕ ಅನ್ನೋ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲವು ಕ್ಯಾಥೊಲಿಕ್ ಧರ್ಮಗುರುಗಳು ಇದೇ ಪ್ರಶ್ನೆ ಇಟ್ಟುಕೊಂಡು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಅವರು ಕಂಡುಕೊಂಡ ಉತ್ತರ ಇವತ್ತು ಕಡಬ, ಸುಳ್ಯ, ಪುತ್ತೂರಿನ ಅಡಿಕೆ ಬೆಳೆಗಾರರಿಗೆ ಸ್ವಲ್ಪ ಸಿಹಿ, ಸ್ವಲ್ಪ ಕಹಿ. ಎರಡನ್ನೂ ಹೇಳ್ತೀನಿ.

ಧರ್ಮಗುರುಗಳಿಗೂ ವ್ಯಾಪಾರಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಆ ಕಾಲದಲ್ಲಿ ಸಲಮಾಂಕಕ್ಕೆ ಹತ್ತಿರದ ಮೆದಿನಾ ದೆಲ್ ಕಾಂಪೋ ಅನ್ನುವಲ್ಲಿ ದೊಡ್ಡ ಸಂತೆ ನಡೀತಿತ್ತು. ಯುರೋಪಿನ ಎಲ್ಲ ಕಡೆಯಿಂದ ವ್ಯಾಪಾರಿಗಳು ಬರೋರು. ಅವರೆಲ್ಲ ದೇವಭಯ ಇದ್ದವರು. ಲಾಭ ಮಾಡಿದ ಮೇಲೆ ಪಾಪನಿವೇದನೆಗೆ ಗುರುಗಳ ಹತ್ತಿರ ಹೋಗಿ, ಸ್ವಾಮಿ, ಇಷ್ಟಕ್ಕೆ ಕೊಂಡೆ, ಅಷ್ಟಕ್ಕೆ ಮಾರಿದೆ, ಇದು ಪಾಪವಾ ಅಂತ ಕೇಳೋರು. ಗುರುಗಳು ಉತ್ತರ ಕೊಡಬೇಕಲ್ಲ? ಉತ್ತರ ಕೊಡಬೇಕಾದರೆ ಸಂತೆ ಹೇಗೆ ನಡೆಯುತ್ತೆ ಅನ್ನೋದು ಗೊತ್ತಿರಬೇಕು. ಹೀಗೆ ಪಾಪ ಪುಣ್ಯದ ವಿಚಾರಣೆಗೆ ಕೂತವರು ಅರ್ಥಶಾಸ್ತ್ರಕ್ಕೆ ಬಂದು ಮುಟ್ಟಿದರು.

1544ರಲ್ಲಿ ಲೂಯಿಸ್ ಸಾರಾವಿಯಾ ದೆ ಲಾ ಕಾಯೆ ಎಂಬುವರು ವ್ಯಾಪಾರಿಗಳಿಗಾಗಿಯೇ ಒಂದು ಪುಸ್ತಕ ಬರೆದರು. ಅದರಲ್ಲಿ ಅವರು ಕೊಡುವ ವಾದ ನೋಡಿ. ಒಂದು ಮೂಟೆ ಬಟ್ಟೆ ಸಮುದ್ರದಲ್ಲಿ ಹಡಗಿನ ಮೇಲೆ ಕಡಿಮೆ ಖರ್ಚಿನಲ್ಲಿ ಬರುತ್ತೆ. ಅಂಥದ್ದೇ ಇನ್ನೊಂದು ಮೂಟೆ ನೆಲದ ದಾರಿಯಲ್ಲಿ ಸಿಕ್ಕಾಪಟ್ಟೆ ಖರ್ಚು ಮಾಡಿಕೊಂಡು ಬರುತ್ತೆ. ಸಂತೆಯಲ್ಲಿ ಎರಡೂ ಪಕ್ಕಪಕ್ಕ ಕೂತಿವೆ. ಖರ್ಚು ಜಾಸ್ತಿ ಆಯ್ತು ಅನ್ನೋ ಕಾರಣಕ್ಕೆ ಎರಡನೆಯದಕ್ಕೆ ಯಾರಾದರೂ ಜಾಸ್ತಿ ದುಡ್ಡು ಕೊಡ್ತಾರಾ? ಕೊಡೋದಿಲ್ಲ. ಹಾಗಾಗಿ ಬೆಲೆ ಹುಟ್ಟೋದು ಖರ್ಚಿನಿಂದ ಅಲ್ಲ, ಮಾಲು ಎಷ್ಟಿದೆ, ವ್ಯಾಪಾರಿಗಳು ಎಷ್ಟಿದ್ದಾರೆ, ದುಡ್ಡು ಎಷ್ಟಿದೆ ಅನ್ನೋದರಿಂದ ಅಂದರು. ಇದಕ್ಕೆ ಆ ಪಂಥದವರು ಇಟ್ಟ ಹೆಸರು 'ಸಮುದಾಯದ ಅಂದಾಜು'. ಹತ್ತು ಜನ ಕೊಳ್ಳುವವರು, ಹತ್ತು ಜನ ಮಾರುವವರು ಮೋಸ ಇಲ್ಲದೆ, ಬಲವಂತ ಇಲ್ಲದೆ, ಒಬ್ಬನೇ ಕಟ್ಟಿಹಾಕಿಕೊಳ್ಳದೆ ಸೇರಿದಾಗ ಯಾವ ಬೆಲೆಗೆ ಬಂದು ನಿಲ್ತಾರೋ ಅದೇ ನ್ಯಾಯವಾದ ಬೆಲೆ.

ಬೆಳೆಗಾರರಿಗೆ ಇದು ಕಹಿ. ನಿಮ್ಮ ಬೆರಳೆಣಿಕೆಯ ಲೆಕ್ಕ ಎಷ್ಟೇ ಸರಿ ಇದ್ದರೂ ಸಂತೆ ಆ ಲೆಕ್ಕ ಕೇಳೋದಿಲ್ಲ. ಕೊಳೆರೋಗ ಬಂದು ನಾಲ್ಕನೇ ಸಲ ಬೋರ್ಡೋ ಹೊಡೆದವರ ಅಡಿಕೆಗೂ, ಎರಡೇ ಸಲ ಹೊಡೆದು ಪಾರಾದವರ ಅಡಿಕೆಗೂ ಅಂಗಡಿಯಲ್ಲಿ ಒಂದೇ ರೇಟು.

ಆದರೆ ಆ ಷರತ್ತುಗಳನ್ನು ಇನ್ನೊಂದು ಸಲ ಓದಿ. ಮೋಸ ಇಲ್ಲದೆ, ಬಲವಂತ ಇಲ್ಲದೆ, ಒಬ್ಬನೇ ಕಟ್ಟಿಹಾಕಿಕೊಳ್ಳದೆ. ಇವು ಇಲ್ಲದ ಕಡೆ ಹುಟ್ಟಿದ ಬೆಲೆ ಮಾರುಕಟ್ಟೆ ಬೆಲೆಯೇ ಅಲ್ಲ ಅಂತ ಆ ಗುರುಗಳೇ ಹೇಳಿದರು. ಊರಿಗೆ ಒಬ್ಬನೇ ಸಾಹುಕಾರ, ಅವನ ಹತ್ತಿರವೇ ಮಳೆಗಾಲದ ಸಾಲ, ಅವನಿಗೇ ಅಡಿಕೆ ಹಾಕಬೇಕು ಅನ್ನೋ ಕರಾರು, ತೂಕವೂ ಅವನದೇ. ಅಲ್ಲಿ ಹುಟ್ಟಿದ ಬೆಲೆಯನ್ನು ವ್ಯಾಪಾರಿ ನ್ಯಾಯ ಅಂತ ಕರೆಯೋ ಹಾಗಿಲ್ಲ. ಇಲ್ಲಿ ಬೆಳೆಗಾರರಿಗೆ ಸ್ವಲ್ಪ ಸಿಹಿ ಇದೆ.

ಇನ್ನು ಮೂರನೆಯವರು, ಸರ್ಕಾರ. ಸಲಮಾಂಕದ ಮಾರ್ತಿನ್ ದೆ ಆಸ್ಪಿಲ್ಕ್ವೇಟಾ ಅನ್ನೋ ದೊಡ್ಡ ವಿದ್ವಾಂಸರು 1556ರಲ್ಲಿ ಒಂದು ವಿಷಯ ಗಮನಿಸಿದರು. ಅಮೆರಿಕದಿಂದ ಚಿನ್ನ ಬೆಳ್ಳಿ ಸ್ಪೇನಿಗೆ ಹರಿದು ಬಂದ ಮೇಲೆ ಅಲ್ಲಿ ಎಲ್ಲದರ ಬೆಲೆಯೂ ಏರಿತ್ತು. ದುಡ್ಡು ಕಡಿಮೆ ಇದ್ದ ಕಾಲದಲ್ಲಿ ಸಾಮಾನು, ಆಳಿನ ಕೆಲಸ ಎಲ್ಲ ಅಗ್ಗಕ್ಕೆ ಸಿಗ್ತಿತ್ತು, ದುಡ್ಡು ಜಾಸ್ತಿ ಆದ ಮೇಲೆ ದುಬಾರಿ ಆಯ್ತು ಅಂತ ಅವರು ಬಿಡಿಸಿ ಹೇಳಿದರು. ದುಡ್ಡೂ ಒಂದು ಸರಕೇ, ಜಾಸ್ತಿ ಆದರೆ ಅದರ ಬೆಲೆಯೂ ಇಳಿಯುತ್ತೆ. ಹಣದುಬ್ಬರದ ಪಾಠವನ್ನು ಇವತ್ತು ನಾವು ಟಿವಿಯಲ್ಲಿ ಗ್ರಾಫಿಕ್ಸ್ ಹಾಕಿ ಹೇಳ್ತೀವಲ್ಲ, ಅದು ಅವರದೇ. ಅವರೇ ರಾಜ ಬೆಲೆ ಕಟ್ಟುವುದರ ಬಗ್ಗೆಯೂ ಅನುಮಾನ ಇಟ್ಟುಕೊಂಡಿದ್ದರು. ಮಾಲು ತುಂಬಿರುವಾಗ ಅದು ಬೇಕಾಗಿಲ್ಲ, ಮಾಲು ಇಲ್ಲದಾಗ ಅದರಿಂದ ಹಾನಿ ಅನ್ನೋದು ಅವರ ನಿಲುವು. ರಾಜನಿಗೆ ಬೆಲೆ ಕಟ್ಟುವ ಅಧಿಕಾರವೇ ಇಲ್ಲ ಅಂತ ಈ ಗುರುಗಳು ಹೇಳಲಿಲ್ಲ, ಅದನ್ನೂ ಹೇಳಿಬಿಡಬೇಕು. ಅಧಿಕಾರ ಇದೆ, ಆದರೆ ಅದನ್ನು ಬಳಸುವ ಮುಂಚೆ ಹತ್ತು ಸಲ ಯೋಚಿಸು ಅಂದರು. ಯೇಸುಸಭೆಯ ಹುವಾನ್ ದೆ ಮರಿಯಾನಾ ಇನ್ನೂ ಮುಂದೆ ಹೋದರು. ರಾಜ ನಾಣ್ಯದಲ್ಲಿ ತಾಮ್ರ ಬೆರೆಸಿ ಜನರ ದುಡ್ಡಿನ ಬೆಲೆ ಕೆಡಿಸಿದ್ದು ಕಳ್ಳತನಕ್ಕೆ ಸಮ ಅನ್ನೋ ಅರ್ಥದಲ್ಲಿ 1609ರಲ್ಲಿ ಬರೆದು, ಮುದಿವಯಸ್ಸಿನಲ್ಲಿ ಸೆರೆ ಅನುಭವಿಸಿದರು.

ಈ ವಿಚಾರಗಳು ನಮ್ಮ ಕರಾವಳಿಗೆ ದೂರದವು ಅಂದುಕೊಳ್ಳಬೇಡಿ. ಅದೇ ಕಾಲದಲ್ಲಿ ಪೋರ್ಚುಗೀಸರು ನಮ್ಮ ಮೆಣಸಿಗಾಗಿ ಇಲ್ಲೇ ಓಡಾಡ್ತಿದ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತಲೇ ಕರೆದರು. ಕೊಚ್ಚಿಯಲ್ಲಿ 1500ರ ಮೊದಲ ವರ್ಷಗಳಲ್ಲೇ ಮೆಣಸಿಗೆ ಒಂದು ಬೆಲೆ ಕಟ್ಟಿ, ಅದನ್ನೇ ದಶಕಗಟ್ಟಲೆ ಹಿಡಿದುಕೊಂಡು ಕೂತರು. ತಮ್ಮ ಪರವಾನಗಿ ಇಲ್ಲದ ಹಡಗನ್ನು ಹಿಡಿಯೋದಕ್ಕೆ ತೋಪುಗಳಿದ್ದವು. ಆದರೂ ಏನಾಯ್ತು? ಬೆಳೆದವರು ಕೊಚ್ಚಿಗೆ ಬೇಡದ ಮೆಣಸನ್ನು ಕೊಟ್ಟು, ಒಳ್ಳೆಯದನ್ನು ಬೇರೆ ದಾರಿಯಲ್ಲಿ ಕೆಂಪು ಸಮುದ್ರದ ಕಡೆಗೆ ಸಾಗಿಸುವವರಿಗೆ ಕೊಟ್ಟರು. ಕಟ್ಟಿದ ಬೆಲೆಗೂ ಸಂತೆಯ ಬೆಲೆಗೂ ನಡುವೆ ಅಂತರ ಇದ್ದರೆ ಮಾಲು ಸೋರುತ್ತೆ. ಇದಕ್ಕೆ ತೋಪು ಮದ್ದಲ್ಲ.

ಇವತ್ತು ಜಗತ್ತಿನಲ್ಲಿ ಕೆಲವು ಕ್ಯಾಥೊಲಿಕ್ ಚಿಂತಕರು ತಮ್ಮನ್ನು ಲಿಬರ್ಟೇರಿಯನ್ ಅಂತ ಕರ್ಕೊಳ್ತಾರೆ. ಅಂದರೆ ಮನುಷ್ಯನ ಸ್ವಾತಂತ್ರ್ಯ, ಆಸ್ತಿ, ಒಪ್ಪಂದ ಇವುಗಳಲ್ಲಿ ಸರ್ಕಾರ ಆದಷ್ಟೂ ಕೈ ಹಾಕಬಾರದು ಅನ್ನುವವರು. ಅವರಿಗೆ ಸಲಮಾಂಕ ಅಂದರೆ ತವರುಮನೆ. ಮುಕ್ತ ಮಾರುಕಟ್ಟೆಯ ವಿಚಾರ ಹುಟ್ಟಿದ್ದು ಆಡಂ ಸ್ಮಿತ್‌ನಿಂದ ಅಲ್ಲ, ಅವನಿಗಿಂತ ಇನ್ನೂರು ವರ್ಷ ಮುಂಚೆ ನಮ್ಮ ಗುರುಗಳಿಂದ ಅನ್ನೋದು ಅವರ ವಾದ. ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರಿ ರೋಥ್‌ಬಾರ್ಡ್ ಸ್ವತಃ ಕ್ಯಾಥೊಲಿಕ್ ಅಲ್ಲ, ಆದರೂ ಇದನ್ನು ಗಟ್ಟಿಯಾಗಿ ಹೇಳಿದ. ಇದು ಅರ್ಧ ಸತ್ಯ ಅನ್ನೋದು ನನ್ನ ಅಭಿಪ್ರಾಯ. ಅರ್ಧ ಯಾಕೆ ಅನ್ನೋದಕ್ಕೆ ಎರಡು ಕಾರಣ ಕೊಡ್ತೀನಿ. ಎರಡೂ ಅಡಿಕೆ ತೋಟಕ್ಕೆ ನೇರವಾಗಿ ತಾಗುತ್ತವೆ.

ಮೊದಲನೆಯದು ಸಂಬಳ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಒಂದು ದೊಡ್ಡ ಪತ್ರ ಹೊರಡಿಸಿದರು, ಹೆಸರು ರೇರುಂ ನೋವಾರುಂ. ಸಮಾಜವಾದಿಗಳ ಎದುರು ಖಾಸಗಿ ಆಸ್ತಿಯ ಹಕ್ಕನ್ನು ಅದು ಎತ್ತಿ ಹಿಡಿಯಿತು. ಅದೇ ಪತ್ರ, ಕೆಲಸದವನು ಒಪ್ಪಿಕೊಂಡ ಅಂದ ಮಾತ್ರಕ್ಕೆ ಸಂಬಳ ನ್ಯಾಯ ಆಗೋದಿಲ್ಲ, ಮಿತವಾಗಿ ಬದುಕುವ ಮನುಷ್ಯನ ಹೊಟ್ಟೆ ಬಟ್ಟೆಗೆ ಅದು ಸಾಕಾಗಬೇಕು ಅಂತಲೂ ಹೇಳಿತು. ಲಿಬರ್ಟೇರಿಯನ್ನರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ತುತ್ತು. ನಮ್ಮಲ್ಲಿ ಸುರಿಯುವ ಮಳೆಯ ನಡುವೆ ಜಾರುವ ಮರ ಹತ್ತಿ ಮದ್ದು ಬಿಡುವವರ ಸಂಖ್ಯೆ ಕಡಿಮೆ ಆಗಿ, ಅವರ ಸಂಬಳ ತಾನೇ ಏರಿದೆ. ಅದನ್ನು ಸಮುದಾಯದ ಅಂದಾಜು ಅಂತ ಒಪ್ಪಿಕೊಳ್ಳೋಣ. ಆದರೆ ಅಡಿಕೆಗೆ ಮಾತ್ರ ಖರ್ಚು ನೋಡಿ ಬೆಲೆ ಬೇಕು, ಮರ ಹತ್ತುವವನಿಗೆ ಮಾತ್ರ ಮಾರುಕಟ್ಟೆ ರೇಟು ಸಾಕು ಅನ್ನೋದಾದರೆ, ನಮ್ಮ ತಕ್ಕಡಿಯೇ ಸರಿ ಇಲ್ಲ.

ಎರಡನೆಯದು ಸುದ್ದಿ. ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಒಂದು ಸಮಸ್ಯೆ ಕೈಗೆತ್ತಿಕೊಂಡರು. ಬರಗಾಲದ ಊರಿಗೆ ಒಬ್ಬ ವ್ಯಾಪಾರಿ ಧಾನ್ಯ ತರ್ತಾನೆ. ಹಿಂದೆಯೇ ಇನ್ನೂ ತುಂಬ ಜನ ತರ್ತಿದ್ದಾರೆ ಅಂತ ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳದೆ ಇವತ್ತಿನ ಬೆಲೆಗೆ ಮಾರಿದರೆ ತಪ್ಪಾ? ಅಕ್ವಿನಾಸ್ ಅಂದರು, ಅನ್ಯಾಯ ಅಂತ ಹೇಳೋಕಾಗಲ್ಲ, ಆದರೆ ಹೇಳಿದ್ದರೆ ಅವನ ಗುಣ ಇನ್ನೂ ದೊಡ್ಡದಾಗ್ತಿತ್ತು. ಅದೇ ಮಾಲಿನಲ್ಲಿ ಕಣ್ಣಿಗೆ ಕಾಣದ ದೋಷ ಇದ್ದು ಮುಚ್ಚಿಟ್ಟರೆ ಮಾತ್ರ ಅದು ಪಾಪವೇ. ಇದನ್ನು ತಿರುಗಿಸಿ ನೋಡಿ. ಉತ್ತರದ ಪೇಟೆಯಲ್ಲಿ ಬೆಲೆ ಏರಿದ್ದು ವ್ಯಾಪಾರಿಗೆ ಬೆಳಗ್ಗೆ ಗೊತ್ತಾಗಿ, ಕೋಡಿಂಬಾಳದ ಒಳಗಿನ ಮನೆಗೆ ವಾರ ಬಿಟ್ಟು ಗೊತ್ತಾದರೆ, ಆ ವಾರದ ಲಾಭ ಯಾರದ್ದು? ಕಾನೂನಿನಲ್ಲಿ ತಪ್ಪಿಲ್ಲ, ನಷ್ಟ ಮಾತ್ರ ಬೆಳೆದವನಿಗೆ.

ಹಾಗಾದರೆ ದಾರಿ ಏನು? ಸರ್ಕಾರ ಬೆಲೆ ಕಟ್ಟೋದಾ, ಬೆಳೆದವನನ್ನು ಸಾಹುಕಾರನ ಕೈಗೆ ಬಿಡೋದಾ? ಇದಕ್ಕೆ ಮೂರನೇ ಉತ್ತರ ನಮ್ಮ ಪುತ್ತೂರಿನಲ್ಲೇ ಇದೆ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಸಾಲದ ಜೊತೆಗೆ ಇನ್ನೊಂದು ಬಾಗಿಲು ತೆರೀತು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಅದೇ ಪುತ್ತೂರಿನಲ್ಲಿ ಹುಟ್ಟಿತು. ಇದಾಗಿ ಹದಿನೇಳು ವರ್ಷಕ್ಕೆ, 1931ರಲ್ಲಿ, ಪೋಪ್ ಹನ್ನೊಂದನೆಯ ಪಿಯುಸ್ ಒಂದು ತತ್ವವನ್ನು ಬರೆದಿಟ್ಟರು. ಸಣ್ಣ ಗುಂಪು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳೋದು ಅನ್ಯಾಯ, ದೊಡ್ಡದರ ಕೆಲಸ ಸಣ್ಣದಕ್ಕೆ ಆಸರೆ ಆಗೋದು ಮಾತ್ರ ಅಂತ. ಶಿವರಾಯರು ಯಾವ ಪೋಪರ ಪತ್ರವನ್ನೂ ಕಾಯಲಿಲ್ಲ. ಊರಿನ ಅಗತ್ಯ ನೋಡಿ ಅದೇ ಕೆಲಸ ಮೊದಲೇ ಮಾಡಿದ್ದರು.

1970ರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ನೆಲ ಕಚ್ಚಿತು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರ ಸಂಸ್ಥೆ, ಎರಡೂ ಸರ್ಕಾರಗಳ ಬೆಂಬಲವೂ ಇತ್ತು. ಇದರ ಕೆಲಸದ ರೀತಿ ಗಮನಿಸಿ. ಕ್ಯಾಂಪ್ಕೋ ಯಾರಿಗೂ ಬೆಲೆಯ ಆದೇಶ ಕೊಡಲಿಲ್ಲ. ಖಾಸಗಿ ವ್ಯಾಪಾರಿಯ ಅಂಗಡಿ ಮುಚ್ಚಿಸಲಿಲ್ಲ. ಪೇಟೆಗೆ ಇನ್ನೊಬ್ಬ ಕೊಳ್ಳುವವನಾಗಿ ಬಂದು ಕೂತಿತು, ಅಷ್ಟೇ. ಅದು ಇವತ್ತಿನ ರೇಟು ಬೋರ್ಡಿನಲ್ಲಿ ಬರೆದ ಕೂಡಲೇ ಪಕ್ಕದ ಅಂಗಡಿಯವರು ತಮ್ಮ ರೇಟನ್ನು ಒಮ್ಮೆ ನೋಡಿಕೊಳ್ಳಬೇಕಾಯ್ತು. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕೋಕ ಅಂತ ದರ್ಜೆ ದರ್ಜೆಗೆ ಬೆಲೆ ಎಲ್ಲರ ಕಣ್ಣಿಗೂ ಬಿತ್ತು. ಅಕ್ವಿನಾಸ್ ಹೇಳಿದ ಆ ಮುಚ್ಚಿಟ್ಟ ಸುದ್ದಿ ಬೋರ್ಡಿನ ಮೇಲೆ ಬಂತು.

ಕೊಕ್ಕೋದಲ್ಲೂ ಇದೇ ನಡೀತು. 1980ರ ಸುಮಾರಿಗೆ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ, ತೋಟದ ನಡುವೆ ಕೊಕ್ಕೋ ನೆಟ್ಟವರು ಕಾಯಿಯನ್ನು ಏನು ಮಾಡೋದು ಅಂತ ಕೂತರು. ಕ್ಯಾಂಪ್ಕೋ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಇವತ್ತು ಆ ಸಂಸ್ಥೆಗೆ ಲಕ್ಷಕ್ಕೂ ಮೀರಿ ಸದಸ್ಯರಿದ್ದಾರೆ. ಕಡಬ, ನೆಲ್ಯಾಡಿ ಕಡೆಗೆ ತಿರುವಾಂಕೂರಿನಿಂದ ಬಂದು ನೆಲೆಸಿ ರಬ್ಬರ್ ಹಾಕಿದ ಕ್ರೈಸ್ತ ಕುಟುಂಬಗಳು ಇವೆಯಲ್ಲ, ಅವರ ಮಲಂಕರ ಕ್ಯಾಥೊಲಿಕ್ ಸಭೆಗೆ 2010ರಲ್ಲಿ ಪುತ್ತೂರೇ ಒಂದು ಧರ್ಮಪ್ರಾಂತ್ಯದ ಕೇಂದ್ರ ಆಯ್ತು. ಅವರ ಗುರುಗಳು ಸೆಮಿನರಿಯಲ್ಲಿ ಓದುವ ತತ್ವವನ್ನು ಪಕ್ಕದ ಮನೆಯ ಹವ್ಯಕರು, ಗೌಡರು, ಬಂಟರು ಸೊಸೈಟಿಯಲ್ಲಿ ಕೂತು ನಡೆಸ್ತಿದ್ದಾರೆ ಅಂದರೆ ಅದು ಯಾವ ಒಂದು ಧರ್ಮದ ಸ್ವತ್ತೂ ಅಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಊರಲ್ಲಿ ಎಲ್ಲರಿಗೂ ಖುಷಿ ಆಗ್ತಿತ್ತು. ಆದರೆ ಇನ್ನೊಂದು ಮಾತಿದೆ. ಹೊರದೇಶದಿಂದ ಅಡಿಕೆ ತರಬೇಕಾದರೆ ನಮ್ಮಲ್ಲಿ ಶೇಕಡಾ 100 ಆಮದು ಸುಂಕ ಇದೆ. ಅದರ ಮೇಲೆ ಕನಿಷ್ಠ ಆಮದು ಬೆಲೆ ಅಂತ ಒಂದು ಗೋಡೆ ಇದೆ. ಮೊದಲು ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರೋ ಹಾಗಿಲ್ಲ. ನಮ್ಮ ಚಾಲಿ ಅಡಿಕೆಯ ಬೆಲೆ ನಿಂತಿರುವುದರಲ್ಲಿ ಈ ಗೋಡೆಗೂ ಪಾಲಿದೆ. ಇದು ಸಮುದಾಯದ ಅಂದಾಜಾ, ರಾಜನ ಆದೇಶವಾ? ಆದೇಶವೇ. ಮತ್ತೆ ಗೋಡೆಯ ಆಚೆ ಈಚೆ ಬೆಲೆಯಲ್ಲಿ ಅಂತರ ಇದ್ದಾಗ ಏನಾಗಬೇಕೋ ಅದೇ ಆಗ್ತಿದೆ. ಮ್ಯಾನ್ಮಾರ್ ಕಡೆಯಿಂದ ಈಶಾನ್ಯ ರಾಜ್ಯಗಳ ದಾರಿಯಲ್ಲಿ ಕಳ್ಳ ಅಡಿಕೆ ಬರುತ್ತೆ, ಅಧಿಕಾರಿಗಳು ಹಿಡಿದ ಲಾರಿಗಳ ಸುದ್ದಿ ನಮ್ಮ ನ್ಯೂಸ್ ಡೆಸ್ಕಿಗೆ ಬರ್ತಾನೇ ಇರುತ್ತೆ. ಕೊಚ್ಚಿಯ ಮೆಣಸಿನ ಕಥೆಯೇ, ದಿಕ್ಕು ಮಾತ್ರ ಬೇರೆ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಕಲಿತ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತೆ. ಪಂಪಿನ ಗೇಜಿನ ಮುಳ್ಳನ್ನು ಬೆರಳಲ್ಲಿ ಒತ್ತಿ ಮೇಲಕ್ಕೆ ಹಿಡಿದರೆ ಪೈಪಿನಲ್ಲಿ ನೀರು ಜಾಸ್ತಿ ಆಗೋದಿಲ್ಲ. ಪೈಪಿನಲ್ಲಿ ಏನಾಗ್ತಿದೆ ಅನ್ನೋದು ಗೊತ್ತಾಗೋದು ನಿಲ್ಲುತ್ತೆ. ಬೆಲೆಯೂ ಒಂದು ಗೇಜು. ಅಡಿಕೆಯಲ್ಲಿ ಇದರ ಅಪಾಯ ಬೇರೆ ಬೆಳೆಗಿಂತ ಜಾಸ್ತಿ. ಭತ್ತ ಹಾಕಿದವನು ತಪ್ಪು ಲೆಕ್ಕ ಹಾಕಿದರೆ ಮುಂದಿನ ವರ್ಷ ಬದಲಾಯಿಸಬಹುದು. ಅಡಿಕೆ ಸಸಿ ನೆಟ್ಟರೆ ಫಸಲು ಕೈಗೆ ಬರಲಿಕ್ಕೆ ಐದಾರು ವರ್ಷ ಬೇಕು, ಆಮೇಲೆ ದಶಕಗಟ್ಟಲೆ ಆ ಮರ ಅಲ್ಲೇ ಇರುತ್ತೆ. ಇವತ್ತಿನ ಬೆಲೆ ನೋಡಿ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗದ ಬಯಲಿನಲ್ಲಿ ಭತ್ತದ ಗದ್ದೆಗಳೂ ತೋಟ ಆಗ್ತಿವೆ. ಅಲ್ಲಿ ನೀರಾವರಿಯೂ ಇದೆ, ಸಮತಟ್ಟು ನೆಲವೂ ಇದೆ. ಇತ್ತ ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬೋಳು ಮಾಡ್ತಿದೆ, ಎಲೆಚುಕ್ಕಿ ರೋಗ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿಯಾಗಿದೆ. ನಾವು ಒಪ್ಪಲಿ, ಬಿಡಲಿ, ನಾಳೆ ಕೊಳ್ಳುವವನ ಮೇಲೆ ಅದರ ಪರಿಣಾಮ ಇದ್ದೇ ಇರುತ್ತೆ. ಇಷ್ಟೂ ಸುದ್ದಿಯನ್ನು ಬೆಲೆ ನಮಗೆ ಸ್ವಲ್ಪ ಸ್ವಲ್ಪವಾಗಿ ಹೇಳಬೇಕಿತ್ತು. ಗೋಡೆ ಇರುವುದರಿಂದ ನಮ್ಮ ಕಿವಿಗೆ ಅದು ಅರ್ಧ ಮಾತ್ರ ಬೀಳ್ತಿದೆ.

ಹಾಗಾದರೆ ನಾಳೆಯೇ ಗೋಡೆ ಒಡೆಯಿರಿ ಅಂತೀರಾ ಅಂತ ನೀವು ಕೇಳಬಹುದು. ಅನ್ನೋದಿಲ್ಲ. ಪುಸ್ತಕದ ಲಿಬರ್ಟೇರಿಯನ್ ಹೌದು ಅಂದಾನು. ಆದರೆ ಸರ್ಕಾರದ ಮಾತು ನಂಬಿ ಒಂದೂವರೆ ಎಕರೆ ತೋಟಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದವರ ಕಾಲ ಕೆಳಗಿನ ಹಲಗೆಯನ್ನು ಒಂದೇ ರಾತ್ರಿ ಎಳೆಯೋದು ಸಲಮಾಂಕದ ಗುರುಗಳ ಲೆಕ್ಕದಲ್ಲೂ ನ್ಯಾಯ ಆಗೋದಿಲ್ಲ. ಕೊಟ್ಟ ಮಾತಿಗೂ ಅವರ ನ್ಯಾಯಶಾಸ್ತ್ರದಲ್ಲಿ ಬೆಲೆ ಇತ್ತು. ನಾನು ಹೇಳೋದು ಇಷ್ಟೇ. 351 ರೂಪಾಯಿಯನ್ನು ನಮ್ಮ ತೋಟದ ಯೋಗ್ಯತೆ ಅಂತ ತಿಳ್ಕೊಂಡು ಹೊಸ ಸಾಲ, ಹೊಸ ಸಸಿ, ಹೊಸ ಮನೆಯ ಲೆಕ್ಕ ಹಾಕಬೇಡಿ. ದೆಹಲಿಯಲ್ಲಿ ಒಂದು ಅಧಿಸೂಚನೆಯಿಂದ ಬಂದದ್ದು ಇನ್ನೊಂದು ಅಧಿಸೂಚನೆಯಿಂದ ಹೋಗಬಹುದು. ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ, ಗೋಡೆ ಇಲ್ಲದೆ ಇದ್ದರೆ ಬೆಲೆ ಎಷ್ಟಕ್ಕೆ ನಿಲ್ಲಬಹುದು ಅಂತ ಒಂದು ಲೆಕ್ಕ ಹಾಕಿ, ಆ ಲೆಕ್ಕದಲ್ಲಿ ಕಂತು ಕಟ್ಟಲಿಕ್ಕೆ ಆಗುತ್ತಾ ನೋಡಿ. ಮರಕ್ಕೆ ಕರಿಮೆಣಸು ಹಬ್ಬಿಸಿದ್ದೀರಿ, ಒಳ್ಳೆಯದು. ಕೊಕ್ಕೋವನ್ನು ಕಡಿದು ಹಾಕಬೇಡಿ. ನಿಮ್ಮ ಸೊಸೈಟಿಯ ಮಹಾಸಭೆಗೆ ಊಟಕ್ಕೆ ಮಾತ್ರ ಹೋಗಬೇಡಿ. ಲೆಕ್ಕಪತ್ರ ಓದುವಾಗ ಎದ್ದು ನಿಂತು ಪ್ರಶ್ನೆ ಕೇಳಿ. ಕೊಳ್ಳುವ ಆ ಇನ್ನೊಂದು ಬಾಗಿಲನ್ನು ಕಟ್ಟಿದ್ದು ನಿಮ್ಮ ಅಜ್ಜಂದಿರು. ಅದನ್ನು ಪಕ್ಷದವರ ಕೈಗೋ, ನಾಲ್ಕು ಜನರ ಕೈಗೋ ಬಿಟ್ಟರೆ ಮತ್ತೆ ಒಬ್ಬನೇ ಕೊಳ್ಳುವವನ ಕಾಲಕ್ಕೆ ಹೋಗ್ತೀವಿ.

ಇನ್ನು ಸರ್ಕಾರ ನಡೆಸುವವರಿಗೂ ಒಂದು ಮಾತು. ಅಡಿಕೆಗೆ ಬೆಲೆ ನಾನು ತಂದೆ ಅಂತ ವೇದಿಕೆ ಮೇಲೆ ಹೇಳುವ ಮುಂಚೆ ಹಳದಿ ರೋಗಕ್ಕೆ ಮದ್ದು ಹುಡುಕುವ ಸಂಶೋಧನೆಗೆ ಎಷ್ಟು ದುಡ್ಡು ಕೊಟ್ಟಿರಿ ಅನ್ನೋದನ್ನು ಹೇಳಿ. ಅದು ಊರಿನ ಸೊಸೈಟಿಯಿಂದ ಆಗದ ಕೆಲಸ, ದೊಡ್ಡದರ ಆಸರೆ ಬೇಕಾದದ್ದು ಅಲ್ಲೇ. ಆಗಬೇಕಾದ ಆ ಕೆಲಸ ಬಿಟ್ಟು, ಬೆಲೆ ಕಟ್ಟುವ ಕೆಲಸಕ್ಕೆ ಕೈ ಹಾಕಿದರೆ ರೋಗವೂ ಉಳಿಯುತ್ತೆ, ಬೆಲೆಯೂ ಉಳಿಯೋದಿಲ್ಲ.